ಎಂಬಿಎಗೆ ಹೋಗುವಾಗ ಅಪ್ಪನ ಅಂಗಡಿಯನ್ನೂ ಜೊತೆಗೆ ಒಯ್ಯಿರಿ

ಪ್ರಶ್ನೆ: ನಾನು ರಾಣೆಬೆನ್ನೂರಿನವಳು. ಬಿ.ಕಾಂ. ಮುಗಿಸಿ ಒಂದು ವರ್ಷ ಅಪ್ಪನ ಬೀಜ-ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ನೋಡಿಕೊಂಡೆ. ಈಗ ಬೆಂಗಳೂರಿನ ಒಂದು ಬಿಸಿನೆಸ್ ಸ್ಕೂಲಿನಲ್ಲಿ ಎರಡು ವರ್ಷದ ಎಂಬಿಎಗೆ ಸೀಟು ಸಿಕ್ಕಿದೆ. 12 ಲಕ್ಷ ರೂಪಾಯಿ ಸಾಲ ತೆಗೆಯಬೇಕು. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಜೊತೆಗೆ ಸೇರುತ್ತಿರುವವರಲ್ಲಿ ಜಾಸ್ತಿ ಮಂದಿ ಎಂಜಿನಿಯರುಗಳು, ಎರಡು-ಮೂರು ವರ್ಷ ಕೆಲಸ ಮಾಡಿದವರು ಅಂತ ವಾಟ್ಸಾಪ್ ಗುಂಪಿನಲ್ಲಿ ಗೊತ್ತಾಯಿತು. ಅವರ ಇಂಗ್ಲಿಷ್ ನೋಡಿಯೇ ಹೆದರಿಕೆ ಆಗುತ್ತಿದೆ. ಇಷ್ಟು ದುಡ್ಡು ಹಾಕಿ ಹೋಗುವಾಗ ಆ ಎರಡು ವರ್ಷವನ್ನು ಸರಿಯಾಗಿ ಬಳಸಿಕೊಳ್ಳುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ಮಾತನ್ನು ಅರ್ಧ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಒಂದು ವರ್ಷ ಅಂಗಡಿಯ ಲೆಕ್ಕ ನೋಡಿಕೊಂಡೆ ಅಂದಿರಿ, ಮುಂದಕ್ಕೆ ಹೋದಿರಿ. ನನಗೆ ಇಡೀ ಪತ್ರದಲ್ಲಿ ಎದ್ದು ಕಂಡಿದ್ದು ಅದೇ. ಹದಿನೆಂಟು ವರ್ಷದಿಂದ ಎಂಬಿಎ ಮಕ್ಕಳಿಗೆ ಹಣಕಾಸಿನ ಪಾಠ ಮಾಡುತ್ತಿದ್ದೇನೆ. ಅದಕ್ಕೂ ಮುಂಚೆ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೆ. ಎಂಬಿಎಯ ಎರಡು ವರ್ಷಗಳಲ್ಲಿ ತುಂಬ ಪಡೆದುಕೊಂಡು ಹೋದ ಹುಡುಗ ಹುಡುಗಿಯರನ್ನು ನೆನೆಸಿಕೊಂಡರೆ ಒಂದು ವಿಷಯ ಸಾಮಾನ್ಯವಾಗಿ ಕಾಣುತ್ತದೆ. ಅವರ ತಲೆಯಲ್ಲಿ ಯಾವುದಾದರೂ ಒಂದು ವ್ಯಾಪಾರ ಪೂರ್ತಿಯಾಗಿ ಕೂತಿರುತ್ತಿತ್ತು. ಒಬ್ಬನಿಗೆ ಅದು ಮಾವನ ಪ್ರಿಂಟಿಂಗ್ ಪ್ರೆಸ್ಸು. ಇನ್ನೊಬ್ಬಳಿಗೆ ತಾನು ಎರಡು ವರ್ಷ ಕೆಲಸ ಮಾಡಿದ ಗಾರ್ಮೆಂಟ್ ಫ್ಯಾಕ್ಟರಿ. ಹೊಸ ಪಾಠ ಬಂದಾಗೆಲ್ಲ ಅದನ್ನು ಆ ವ್ಯಾಪಾರಕ್ಕೆ ಹಚ್ಚಿ ನೋಡುತ್ತಿದ್ದರು. ಹೊಂದದೆ ಹೋದಾಗ ಬಂದು ಕೇಳುತ್ತಿದ್ದರು. ನಿಮ್ಮ ಹತ್ತಿರ ಅಂಥ ಒಂದು ವ್ಯಾಪಾರ ಆಗಲೇ ಇದೆ. ಅದನ್ನು ಊರಲ್ಲೇ ಬಿಟ್ಟು ಬರಬೇಡಿ.

ಸುಮ್ನೆ ಧೈರ್ಯ ತುಂಬಲು ಹೇಳುತ್ತಿಲ್ಲ, ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಮೊದಲ ವರ್ಷದಲ್ಲಿ ವರ್ಕಿಂಗ್ ಕ್ಯಾಪಿಟಲ್, ಅಂದರೆ ದಿನನಿತ್ಯದ ವ್ಯಾಪಾರ ನಡೆಸಲು ಬೇಕಾದ ದುಡ್ಡು, ಅನ್ನುವ ಪಾಠ ಬರುತ್ತದೆ. ಬೋರ್ಡಿನ ಮೇಲೆ ಒಂದು ಸಣ್ಣ ಸೂತ್ರ ಬರೆಯುತ್ತಾರೆ. ಮಾಲು ಅಂಗಡಿಯಲ್ಲಿ ಕೂತ ದಿನಗಳಿಗೆ ಗಿರಾಕಿ ದುಡ್ಡು ಕೊಡಲು ತಗೊಂಡ ದಿನಗಳನ್ನು ಕೂಡಿಸಬೇಕು. ಅದರಲ್ಲಿ ಮಾಲು ಕೊಟ್ಟವರಿಗೆ ನಾವು ದುಡ್ಡು ಕೊಡಲು ತಗೊಂಡ ದಿನಗಳನ್ನು ಕಳೆಯಬೇಕು. ಉಳಿದಷ್ಟು ದಿನ ನಮ್ಮ ದುಡ್ಡು ಹೊರಗೆ ಸಿಕ್ಕಿಕೊಂಡಿರುತ್ತದೆ. ಇದನ್ನು ಕ್ಯಾಶ್ ಕನ್ವರ್ಶನ್ ಸೈಕಲ್ ಅನ್ನುತ್ತಾರೆ. ಬಹಳ ಮಂದಿ ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಮರೆಯುತ್ತಾರೆ.

ನೀವು ಅಂಗಡಿಗೆ ಹಚ್ಚಿ ನೋಡಿ. ಮುಂಗಾರಿಗೆ ಮುಂಚೆ ಗೋವಿನಜೋಳದ ಬೀಜ, ಗೊಬ್ಬರ ತಂದು ಗೋಡೌನಿನಲ್ಲಿ ಇಡುತ್ತೀರಿ. ಮಳೆ ಬಿದ್ದ ಮೇಲೆ ಮಾಲು ಹೋಗುತ್ತದೆ. ಸರಾಸರಿ 45 ದಿನ ಅಂದುಕೊಳ್ಳೋಣ. ಉದ್ರಿ ಒಯ್ದ ರೈತರು ಸುಗ್ಗಿ ಮುಗಿದು, ಮಾಲು ಮಾರಿದ ಮೇಲೆ ಕೊಡುತ್ತಾರೆ. ಅದು 150 ದಿನ. ಕಂಪನಿ ನಿಮಗೆ ಕೊಟ್ಟ ವಾಯಿದೆ 60 ದಿನ. 45 ಮತ್ತು 150 ಸೇರಿ 195. ಅದರಲ್ಲಿ 60 ಹೋದರೆ 135 ದಿನ. ಈ ಅಂಕಿಗಳು ನನ್ನ ಅಂದಾಜು, ನಿಮ್ಮ ಅಂಗಡಿಯ ನಿಜವಾದ ದಿನಗಳನ್ನು ನೀವೇ ಹಾಕಿಕೊಳ್ಳಿ.

ಈಗ 10 ಲಕ್ಷಕ್ಕೆ ತಂದ ಮಾಲನ್ನು ಹೀಗೆ ಉದ್ರಿ ಕೊಟ್ಟಿದ್ದೀರಿ ಅನ್ನೋಣ. ಬ್ಯಾಂಕಿನ ಸಿಸಿ ಖಾತೆಗೆ, ಅಂದರೆ ವ್ಯಾಪಾರಕ್ಕೆ ಬೇಕಾದಾಗ ಒಂದು ಮಿತಿಯೊಳಗೆ ತೆಗೆದು ಕಟ್ಟುವ ಕ್ಯಾಶ್ ಕ್ರೆಡಿಟ್ ಸಾಲಕ್ಕೆ, ನೂರಕ್ಕೆ 12 ಬಡ್ಡಿ. 135 ದಿನಕ್ಕೆ ಬಡ್ಡಿ ಎಷ್ಟಾಯಿತು? ಸುಮಾರು 44,400 ರೂಪಾಯಿ. ಆ ಮಾಲಿನ ಮೇಲೆ ನಿಮಗೆ ನೂರಕ್ಕೆ 8 ಲಾಭ ಇದ್ದರೆ ಒಟ್ಟು ಲಾಭ 80,000. ಅರ್ಧಕ್ಕಿಂತ ಜಾಸ್ತಿ ಬಡ್ಡಿಗೇ ಹೋಯಿತು. ಅಂಗಡಿಯ ಬಾಡಿಗೆ, ಹಮಾಲಿ, ಕೊಡದೆ ಹೋದವರ ಬಾಕಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಸ್ವಂತ ದುಡ್ಡು ಹಾಕಿದ್ದರೆ ಬಡ್ಡಿ ಕಣ್ಣಿಗೆ ಕಾಣುವುದಿಲ್ಲ. ಆದರೆ ಅದೇ ದುಡ್ಡು ಬೇರೆ ಕಡೆ ದುಡಿಯಬಹುದಾಗಿತ್ತು, ಅಲ್ವಾ? ಆ ನಷ್ಟಕ್ಕೂ ಆಪರ್ಚುನಿಟಿ ಕಾಸ್ಟ್ ಅಂತ ಒಂದು ಹೆಸರಿದೆ, ಅರ್ಥಶಾಸ್ತ್ರದ ಮೊದಲ ವಾರದಲ್ಲೇ ಹೇಳಿಕೊಡುತ್ತಾರೆ.

ಇನ್ನೊಂದು ಲೆಕ್ಕ. ಕಂಪನಿಯವರು 60 ದಿನದ ವಾಯಿದೆ ಬಿಟ್ಟು ಈಗಲೇ ದುಡ್ಡು ಕೊಟ್ಟರೆ ನೂರಕ್ಕೆ 3 ಬಿಡುತ್ತೇವೆ ಅನ್ನುತ್ತಾರೆ. ಮೂರೇ ರೂಪಾಯಿ ಅಂತ ಬಿಡುವವರು ಬಹಳ. 97 ರೂಪಾಯಿಗೆ 60 ದಿನದಲ್ಲಿ 3 ರೂಪಾಯಿ ಅಂದರೆ ವರ್ಷಕ್ಕೆ ಸುಮಾರು ನೂರಕ್ಕೆ 19 ಆಗುತ್ತದೆ. ಸಿಸಿ ಖಾತೆಯಿಂದ ನೂರಕ್ಕೆ 12ರ ದುಡ್ಡು ತೆಗೆದು ನಗದು ಕಟ್ಟಿದರೂ ಲಾಭವೇ. ಸಿಸಿ ಮಿತಿಯಲ್ಲಿ ಜಾಗ ಇರಬೇಕು, ಅಷ್ಟೇ.

ಈಗ ಇದನ್ನು ಹಿಡಿದುಕೊಂಡು ಮೇಷ್ಟ್ರ ಹತ್ತಿರ ಹೋಗಿ ಒಂದು ಪ್ರಶ್ನೆ ಕೇಳಬಹುದು. ಇಷ್ಟು ಬಡ್ಡಿ ಹೋಗುತ್ತಿದ್ದರೂ ನಮ್ಮಪ್ಪ ಉದ್ರಿ ಏಕೆ ನಿಲ್ಲಿಸುವುದಿಲ್ಲ? ನಿಲ್ಲಿಸಿದರೆ ರೈತ ಎದುರಿನ ಅಂಗಡಿಗೆ ಹೋಗುತ್ತಾನೆ ಅನ್ನುವುದು ಒಂದು ಉತ್ತರ. ಉದ್ರಿಯವನಿಗೆ ಹಾಕುವ ಬೆಲೆಯಲ್ಲೇ ಬಡ್ಡಿ ಸೇರಿರಬಹುದು ಅನ್ನುವುದು ಇನ್ನೊಂದು. ಮೂರು ತಲೆಮಾರಿನ ಪರಿಚಯ ಇರುವ ಮನೆಗೆ ಇಲ್ಲ ಅನ್ನಲಾಗುವುದಿಲ್ಲ ಅನ್ನುವುದು ಮತ್ತೊಂದು. ಒಂದು ಮಾರ್ಕೆಟಿಂಗಿನ ಮಾತು, ಒಂದು ಬೆಲೆ ಕಟ್ಟುವ ಮಾತು, ಒಂದು ಸಂಬಂಧದ ಮಾತು. ಯಾರಿಗೆ ಉದ್ರಿ ಕೊಡಬೇಕು, ಯಾರಿಗೆ ಕೈ ಬಿಗಿ ಹಿಡಿಯಬೇಕು ಅಂತ ನಿಮ್ಮಪ್ಪ ಮುಖ ನೋಡಿ ನಿರ್ಧರಿಸುತ್ತಾರಲ್ಲ, ಬ್ಯಾಂಕುಗಳು ದೊಡ್ಡ ವಿಭಾಗವನ್ನೇ ಇಟ್ಟುಕೊಂಡು ಮಾಡುವ ಕೆಲಸ ಅದು. ಅಪ್ಪ ಯಾವ ಗುರುತು ನೋಡುತ್ತಾರೆ ಅಂತ ಕೇಳಿ ಬರೆದುಕೊಳ್ಳಿ. ನೀರಾವರಿ ಇದೆಯಾ, ಹೋದ ವರ್ಷದ ಬಾಕಿ ಯಾವ ತಿಂಗಳಲ್ಲಿ ತೀರಿತು, ಬೇರೆ ಅಂಗಡಿಯಲ್ಲೂ ಖಾತೆ ಇದೆಯಾ. ಕ್ರೆಡಿಟ್ ಪಾಠ ಬಂದಾಗ ಆ ಹಾಳೆ ತೆಗೆಯಿರಿ.

ಪಾಠ ನಡೆಯುವ ರೀತಿಯೂ ಇದಕ್ಕೆ ಹೊಂದುತ್ತದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಶುರುವಾಗಿದ್ದು 1908ರಲ್ಲಿ. ಪಾಠ ಹೇಳುವ ಬದಲು ಒಂದು ಕಂಪನಿಯ ನಿಜವಾದ ಕಥೆ ಕೊಟ್ಟು, ನೀವು ಆ ಮ್ಯಾನೇಜರ್ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ ಅಂತ ಕೇಳುವ ಕ್ರಮವನ್ನು ಅವರು ಬೆಳೆಸಿದರು. 1961ರಲ್ಲಿ ಅಹಮದಾಬಾದಿನ ಐಐಎಂ ಕಟ್ಟುವಾಗ ಹಾರ್ವರ್ಡಿನ ನೆರವಿತ್ತು, ಹಾಗಾಗಿ ಆ ಕ್ರಮ ಇಲ್ಲಿಗೂ ಬಂತು. ಬೆಂಗಳೂರಿನ ಐಐಎಂ ಶುರುವಾಗಿದ್ದು 1973ರಲ್ಲಿ. ಇಂಥ ಕಥೆಗೆ ಕೇಸ್ ಅನ್ನುತ್ತಾರೆ, ಇವತ್ತು ಎಷ್ಟೋ ಕಾಲೇಜುಗಳಲ್ಲಿ ಕೇಸ್ ಇಟ್ಟುಕೊಂಡೇ ಪಾಠ ಮಾಡುತ್ತಾರೆ. ಕ್ಲಾಸಿನಲ್ಲಿ ಮಾತಾಡಿದ್ದಕ್ಕೂ ಅಂಕ ಕೊಡುವವರಿದ್ದಾರೆ.

ಕೇಸ್ ಓದುವುದಕ್ಕೆ ನಾನು ಹೇಳಿಕೊಡುವ ದಾರಿ ಇದು. ಮೊದಲ ಒಂದು ಪುಟ ಮತ್ತು ಕೊನೆಯ ಒಂದು ಪುಟ ಓದಿ. ಯಾರು, ಯಾವ ನಿರ್ಧಾರಕ್ಕೆ ತಡಕಾಡುತ್ತಿದ್ದಾರೆ ಅನ್ನುವುದು ಅಷ್ಟರಲ್ಲೇ ಗೊತ್ತಾಗುತ್ತದೆ. ಆಮೇಲೆ ನೇರ ಹಿಂದಿನ ಪಟ್ಟಿಗಳಿಗೆ ಹೋಗಿ. ಮಾರಾಟ, ಖರ್ಚು, ಬಾಕಿ, ಸಾಲ ಹೇಗೆ ಬದಲಾಗಿದೆ ನೋಡಿ, ಕಾಗದದ ಮೇಲೆ ಎರಡು-ಮೂರು ಭಾಗಾಕಾರ ಮಾಡಿ. ಅದಾದ ಮೇಲೆ ನಡುವಿನ ಕಥೆ ಓದಿ. ಕಥೆಯನ್ನು ಮೊದಲು ಓದಿದರೆ ಬರೆದವರು ಹೇಳಿದ ಕಡೆಗೇ ಮನಸ್ಸು ವಾಲುತ್ತದೆ. ಅಂಕಿ ಮೊದಲು ನೋಡಿದರೆ ನಿಮ್ಮದೇ ಒಂದು ಅನುಮಾನ ಹುಟ್ಟಿರುತ್ತದೆ. ಕೊನೆಗೆ ಒಂದು ಸಾಲು ಬರೆಯಿರಿ: ನಾನಾಗಿದ್ದರೆ ಇದನ್ನು ಮಾಡುತ್ತಿದ್ದೆ. ಆ ಒಂದು ಸಾಲು ಬರೆಯದೆ ಕ್ಲಾಸಿಗೆ ಹೋಗಬೇಡಿ. ತಪ್ಪಾಗಿದ್ದರೂ ಪರವಾಗಿಲ್ಲ. ನಿಮ್ಮದೊಂದು ನಿಲುವು ಇಲ್ಲದಿದ್ದರೆ ಬೇರೆಯವರು ಹೇಳಿದ್ದೆಲ್ಲ ಸರಿ ಅನ್ನಿಸುತ್ತದೆ, ಒಂದೂವರೆ ತಾಸು ತಲೆ ಅಲ್ಲಾಡಿಸಿಕೊಂಡು ಎದ್ದು ಬರುತ್ತೀರಿ.

ಕೊಟ್ಟ ಕೇಸುಗಳಲ್ಲಿ ಅಮೆರಿಕದ ಕಂಪನಿಗಳು ಜಾಸ್ತಿ ಇರಬಹುದು. ನಮ್ಮ ಕಡೆಯ ಕಥೆಗಳನ್ನು ನೀವೇ ಪಕ್ಕದಲ್ಲಿ ಇಟ್ಟುಕೊಳ್ಳಿ. ಪಿಗ್ಮಿ ಠೇವಣಿ ನಿಮಗೆ ಗೊತ್ತೇ ಇದೆ. ನಿಮ್ಮ ಬೀದಿಗೂ ಪಿಗ್ಮಿ ಏಜೆಂಟರು ಬರುತ್ತಿರಬಹುದು. ಅದನ್ನು 1928ರಲ್ಲಿ ಶುರು ಮಾಡಿದ್ದು ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಸಂಸ್ಥೆ, ಡಾ. ಟಿ.ಎಂ.ಎ. ಪೈ ಅವರ ಕಾಲದಲ್ಲಿ. ಏಜೆಂಟ್ ಮನೆ-ಅಂಗಡಿ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ತಗೊಂಡು ಹೋಗುತ್ತಿದ್ದ. ದಿನಗೂಲಿಯವರಿಗೆ, ಸಣ್ಣ ಅಂಗಡಿಯವರಿಗೆ ದುಡ್ಡು ಬರುವುದೇ ದಿನದ ಲೆಕ್ಕದಲ್ಲಿ. ತಿಂಗಳ ಕೊನೆಗೆ ಉಳಿಸಿ ಅಂದರೆ ಅವರ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಗಿರಾಕಿಗೆ ದುಡ್ಡು ಹೇಗೆ ಬರುತ್ತದೋ ಹಾಗೇ ಠೇವಣಿಯನ್ನು ಹೊಲಿದರು. ಎರಡಾಣೆ ವಸೂಲಿಗೆ ಒಬ್ಬ ಮನುಷ್ಯನನ್ನು ಮನೆಮನೆಗೆ ಕಳಿಸುವ ಖರ್ಚು ಗಿಟ್ಟಿದ್ದು ಹೇಗೆ, ಏಜೆಂಟನಿಗೆ ಸಂಬಳವೋ ಕಮಿಷನ್ನೋ, ಒಂದು ಬೀದಿಯಲ್ಲಿ ಎಷ್ಟು ಮನೆ ಇದ್ದರೆ ಅವನ ದಿನ ಗಿಟ್ಟುತ್ತದೆ. ಕೂತು ಕೆದಕಿ ನೋಡಿ. ಮಾರ್ಕೆಟಿಂಗ್, ಖರ್ಚಿನ ಲೆಕ್ಕ, ಏಜೆಂಟರನ್ನು ನಂಬುವ ಪ್ರಶ್ನೆ, ಮೂರೂ ಒಂದೇ ಕಡೆ ಸಿಗುತ್ತವೆ.

ನಿಮಗೆ ಇನ್ನೂ ಹತ್ತಿರದ್ದು ಬೇಕೆಂದರೆ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ. ಖಾರ ಕಡಿಮೆ, ಬಣ್ಣ ಜಾಸ್ತಿ ಇರುವ ಕಾಯಿಗೆ ಯಾರು, ಏಕೆ ಅಷ್ಟು ಬೆಲೆ ಕೊಡುತ್ತಾರೆ? ಮನೆಯ ಸಾರಿನ ಪುಡಿಗಷ್ಟೇ ಹೋಗುತ್ತದೆ ಅಂದುಕೊಂಡರೆ ಅರ್ಧ ಮಾತ್ರ ಸರಿ. ಬಣ್ಣ ತೆಗೆಯುವ ಓಲಿಯೋರೆಸಿನ್ ಕಾರ್ಖಾನೆಗಳೂ ಅದನ್ನು ಕೊಳ್ಳುತ್ತವೆ. ರಜೆಗೆ ಊರಿಗೆ ಬಂದಾಗ ಒಂದು ದಿನ ಅಲ್ಲಿಯ ಮಾರುಕಟ್ಟೆಯಲ್ಲಿ ಕಳೆಯಿರಿ. ದಲಾಲರ ಹತ್ತಿರ ಮಾತಾಡಿ. ನಿಮ್ಮ ಕ್ಲಾಸಿನಲ್ಲಿ ಆ ಕೇಸ್ ಬರೆಯಲು ಬೇರೆ ಯಾರಿಗೂ ಆಗುವುದಿಲ್ಲ.

ಈಗ ಇಂಗ್ಲಿಷಿನ ಹೆದರಿಕೆ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡುತ್ತೇನೆ, ಏಕೆಂದರೆ ನಾನೂ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವನು. ಎಂಬಿಎಯ ಮೊದಲ ಟರ್ಮಿನಲ್ಲಿ ಒಂದು ದಿನವೂ ಬಾಯಿ ತೆರೆಯಲಿಲ್ಲ. ಒಂದು ಕ್ಲಾಸು ಇನ್ನೂ ನೆನಪಿದೆ. ಬೋರ್ಡಿನ ಮೇಲೆ ಒಬ್ಬ ಸಹಪಾಠಿ ಕ್ಯಾಶ್ ಫ್ಲೋ ಲೆಕ್ಕ ಮಾಡುತ್ತಿದ್ದ. ಸವಕಳಿಯನ್ನು, ಅಂದರೆ ಯಂತ್ರ ಹಳೆಯದಾಗುವುದಕ್ಕೆ ಲೆಕ್ಕದಲ್ಲಿ ಮಾತ್ರ ತೋರಿಸುವ ಖರ್ಚನ್ನು, ಲಾಭಕ್ಕೆ ವಾಪಸ್ ಕೂಡಿಸುವುದನ್ನು ಮರೆತಿದ್ದ. ನನಗೆ ತಕ್ಷಣ ಕಂಡಿತು. ಮನಸ್ಸಿನಲ್ಲೇ ಇಂಗ್ಲಿಷ್ ವಾಕ್ಯ ಕಟ್ಟತೊಡಗಿದೆ. ಕಟ್ಟಿ ಮುಗಿಯುವಷ್ಟರಲ್ಲಿ ಚರ್ಚೆ ಬೇರೆ ಕಡೆ ಹೋಗಿತ್ತು. ಆ ತಪ್ಪು ಅಂಕಿಯ ಮೇಲೆಯೇ ಇಡೀ ತರಗತಿ ಇಪ್ಪತ್ತು ನಿಮಿಷ ವಾದ ಮಾಡಿತು. ನಾನು ಗೊತ್ತಿದ್ದೂ ಸುಮ್ಮನೆ ಕೂತಿದ್ದೆ. ಆ ಟರ್ಮಿನಲ್ಲಿ ಲಿಖಿತ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ್ದರೂ ಕ್ಲಾಸಿನ ಮಾತಿನ ಅಂಕ ಬರಲಿಲ್ಲ. ಅಂಕ ಹೋಗಿದ್ದು ದೊಡ್ಡದಲ್ಲ. ಮಾತಾಡದವನ ತಪ್ಪನ್ನು ಯಾರೂ ತಿದ್ದುವುದಿಲ್ಲ. ಮೂರು ತಿಂಗಳು ನನ್ನ ತಿಳುವಳಿಕೆ ಸರಿಯೋ ತಪ್ಪೋ ಅಂತ ನನಗೇ ಗೊತ್ತಾಗದೆ ಉಳಿಯಿತು. ಅದಕ್ಕೆ ಈಗಲೂ ಬೇಸರವಿದೆ.

ಎರಡನೇ ಟರ್ಮಿನಲ್ಲಿ ಒಂದು ಉಪಾಯ ಸಿಕ್ಕಿತು, ನಿಮಗೂ ಕೊಡುತ್ತೇನೆ. ನಿಮ್ಮ ಮೊದಲ ಮಾತು ಒಂದು ಅಂಕಿಯಾಗಿರಲಿ. ಒಂಬತ್ತನೇ ಪುಟದ ಪಟ್ಟಿಯಲ್ಲಿ ಗಿರಾಕಿಗಳಿಂದ ಬರಬೇಕಾದ ಬಾಕಿ 40 ದಿನದಿಂದ 70 ದಿನಕ್ಕೆ ಹೋಗಿದೆ, ಮಾರಾಟ ಅಷ್ಟು ಬೆಳೆದಿಲ್ಲ. ಇಷ್ಟನ್ನು ಇಂಗ್ಲಿಷಿನಲ್ಲಿ ಹೇಳಲು ದೊಡ್ಡ ವ್ಯಾಕರಣ ಬೇಡ. ಹೇಳಿದ ಕೂಡಲೇ ಎಲ್ಲರೂ ಒಂಬತ್ತನೇ ಪುಟ ತಿರುವುತ್ತಾರೆ. ನಿಮ್ಮ ಉಚ್ಚಾರದ ಕಡೆ ಯಾರ ಗಮನವೂ ಇರುವುದಿಲ್ಲ. ಹಿಂದಿನ ರಾತ್ರಿಯೇ ಆ ಒಂದು ವಾಕ್ಯ ಬರೆದಿಟ್ಟುಕೊಳ್ಳಿ. ಕ್ಲಾಸು ಶುರುವಾದ ಮೊದಲ ಹತ್ತು ನಿಮಿಷದಲ್ಲೇ ಕೈ ಎತ್ತಿ. ತಡವಾದಷ್ಟೂ ಚರ್ಚೆ ಸಿಕ್ಕುಸಿಕ್ಕಾಗುತ್ತದೆ, ನುಗ್ಗುವುದು ಕಷ್ಟ. ಇದನ್ನು ಮೊದಲ ವಾರದಲ್ಲೇ ಮಾಡಿ. ಒಂದು ತಿಂಗಳು ಸುಮ್ಮನಿದ್ದರೆ ಈ ಹುಡುಗಿ ಮಾತಾಡುವುದಿಲ್ಲ ಅಂತ ಎಲ್ಲರೂ ತೀರ್ಮಾನ ಮಾಡಿಬಿಡುತ್ತಾರೆ, ಆಮೇಲೆ ನೀವೂ ಅದನ್ನೇ ನಂಬುತ್ತೀರಿ.

ಎಂಜಿನಿಯರುಗಳಿಗೆ ಹೆದರಬೇಡಿ, ಅವರ ಜೊತೆ ಕೊಡು-ಕೊಳ್ಳು ಇಟ್ಟುಕೊಳ್ಳಿ. ಸ್ಟ್ಯಾಟಿಸ್ಟಿಕ್ಸಿನಲ್ಲಿ ಅವರು ಮುಂದೆ ಇರುತ್ತಾರೆ. ಡೆಬಿಟ್-ಕ್ರೆಡಿಟ್ ಬಂದಾಗ ಅವರಲ್ಲಿ ಎಷ್ಟೋ ಮಂದಿ ಕಣ್ಣು ಬಾಯಿ ಬಿಡುತ್ತಾರೆ. ನೀವು ಬಿ.ಕಾಂ. ಓದಿದವರು, ಕೀರ್ದಿ-ಖಾತೆ ಕೈಯಾರೆ ಬರೆದವರು. ಮೊದಲ ತಿಂಗಳು ಹಾಸ್ಟೆಲಿನಲ್ಲಿ ರಾತ್ರಿ ಅಕೌಂಟ್ಸ್ ಹೇಳಿಕೊಡಿ. ಸ್ಟ್ಯಾಟಿಸ್ಟಿಕ್ಸಿನ ರಿಗ್ರೆಶನ್ ಪಾಠವನ್ನು ಅವರಿಂದ ಹೇಳಿಸಿಕೊಳ್ಳಿ. ಹೇಳಿಕೊಡುವಾಗ ಇಂಗ್ಲಿಷೂ ತಾನಾಗಿ ಬರುತ್ತದೆ, ಅದಕ್ಕೆ ಬೇರೆ ಕ್ಲಾಸ್ ಬೇಕಿಲ್ಲ.

ಗುಂಪಿನ ಕೆಲಸದ ಬಗ್ಗೆ ಒಂದು ಎಚ್ಚರಿಕೆ, ಹುಡುಗಿಯರಿಗೆ ವಿಶೇಷವಾಗಿ. ಐದು ಜನರ ತಂಡ ಆದ ಕೂಡಲೇ ನಿನ್ನ ಕೈ ಚೆನ್ನಾಗಿದೆ, ಸ್ಲೈಡ್ ನೀನು ಮಾಡು ಅನ್ನುತ್ತಾರೆ. ಒಂದು ಸಲ ಒಪ್ಪಿಕೊಂಡರೆ ಎರಡು ವರ್ಷ ಸ್ಲೈಡುಗಳೇ. ಎಕ್ಸೆಲ್ ಶೀಟ್ ಯಾರ ಕೈಯಲ್ಲಿದೆಯೋ ಕಲಿಯುವುದು ಅವರು. ಲೆಕ್ಕ ನಾನು ಮಾಡುತ್ತೇನೆ ಅಂತ ಮೊದಲ ದಿನವೇ ಹೇಳಿ, ಮುಂದಿನ ಪ್ರಾಜೆಕ್ಟಿನಲ್ಲಿ ಬೇಕಾದರೆ ಬದಲಾಯಿಸಿಕೊಳ್ಳಿ. ಎಕ್ಸೆಲ್‌ನಲ್ಲಿ ಪಿವೊಟ್ ಟೇಬಲ್, ಲುಕಪ್ ಬೇಗ ಕಲಿತುಬಿಡುತ್ತೀರಿ. ಅದಕ್ಕಿಂತ ಮುಖ್ಯ, ಲಾಭ-ನಷ್ಟದ ಪಟ್ಟಿ, ಬ್ಯಾಲೆನ್ಸ್ ಶೀಟ್, ಕ್ಯಾಶ್ ಫ್ಲೋ ಮೂರನ್ನೂ ಒಂದಕ್ಕೊಂದು ಕೊಂಡಿ ಹಾಕಿ ಖಾಲಿ ಶೀಟಿನಿಂದ ನೀವೇ ಕಟ್ಟುವುದು. ಅಭ್ಯಾಸಕ್ಕೆ ವಿಆರ್‌ಎಲ್ ಲಾಜಿಸ್ಟಿಕ್ಸ್‌ನ ವಾರ್ಷಿಕ ವರದಿ ತಗೊಳ್ಳಿ. 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ವಿಜಯ ಸಂಕೇಶ್ವರರು ಶುರು ಮಾಡಿದ ವ್ಯಾಪಾರ, 2015ರಲ್ಲಿ ಶೇರು ಮಾರುಕಟ್ಟೆಗೆ ಬಂತು. ವರದಿ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ನೂರು ರೂಪಾಯಿ ಬಾಡಿಗೆಯಲ್ಲಿ ಡೀಸೆಲ್ಲಿಗೆ ಎಷ್ಟು ಹೋಗುತ್ತದೆ, ಡೀಸೆಲ್ ಬೆಲೆ ಹತ್ತು ರೂಪಾಯಿ ಏರಿದರೆ ಲಾಭ ಎಲ್ಲಿಗೆ ಬರುತ್ತದೆ, ನೀವೇ ಹಾಕಿ ನೋಡಿ. ನಿಮ್ಮ ಅಂಗಡಿಯ ಮಾಲೂ ಲಾರಿಯಲ್ಲೇ ಬರುವುದು, ಹಾಗಾಗಿ ಆ ಅಂಕಿ ನಿಮಗೆ ಬೇಗ ಅರ್ಥ ಆಗುತ್ತದೆ.

ಅಸೈನ್‌ಮೆಂಟನ್ನು ಎಐಗೆ ಕೊಟ್ಟು ಬರೆಸುವ ಆಸೆ ಎಲ್ಲರಿಗೂ ಬರುತ್ತದೆ. ಅರ್ಥ ಆಗದ್ದನ್ನು ಕೇಳಿ ತಿಳಿದುಕೊಳ್ಳಲು, ನೀವು ಬರೆದ ಇಂಗ್ಲಿಷ್ ತಿದ್ದಿಸಲು ಧಾರಾಳವಾಗಿ ಬಳಸಿ. ನಿರ್ಧಾರ ಮಾತ್ರ ನಿಮ್ಮದಾಗಿರಲಿ. ಮೇಷ್ಟ್ರು ಹೆಸರು ಕರೆದು ಏಕೆ ಅಂತ ಕೇಳಿದಾಗ ಉತ್ತರ ಹೇಳಬೇಕಾದವರು ನೀವು.

ಕ್ಲಬ್ಬು, ಕಮಿಟಿ, ಫೆಸ್ಟುಗಳಲ್ಲಿ ಒಂದನ್ನು ಆರಿಸಿ ಅದರಲ್ಲಿ ಚೆನ್ನಾಗಿ ಕೆಲಸ ಮಾಡಿ, ಸಾಕು. ಎರಡನೇ ವರ್ಷದ ಐಚ್ಛಿಕ ವಿಷಯ ಆರಿಸುವಾಗ ಹೆಸರು ನೋಡಬೇಡಿ, ಪಾಠ ಮಾಡುವವರನ್ನು ನೋಡಿ. ಕಷ್ಟ ಕೊಡುತ್ತಾರೆ ಆದರೆ ಕಲಿಸುತ್ತಾರೆ ಅಂತ ಹಿರಿಯ ವಿದ್ಯಾರ್ಥಿಗಳು ಯಾರ ಬಗ್ಗೆ ಹೇಳುತ್ತಾರೋ ಅವರ ಹತ್ತಿರ ಹೋಗಿ.

ಬೇಸಿಗೆಯ ಇಂಟರ್ನ್‌ಶಿಪ್ಪಿಗೆ ಬರೋಣ. ಮೊದಲ ವರ್ಷ ಮುಗಿದ ಮೇಲೆ ಎಂಟು-ಹತ್ತು ವಾರ ಸಿಗುತ್ತದೆ. ನನ್ನ ಲೆಕ್ಕದಲ್ಲಿ ಇಡೀ ಕೋರ್ಸಿನಲ್ಲಿ ಇದಕ್ಕಿಂತ ಬೆಲೆಬಾಳುವ ದಿನಗಳಿಲ್ಲ. ಬೆಂಗಳೂರಿನ ಎಸಿ ಕೋಣೆಯಲ್ಲಿ ಕೂತು ರಿಪೋರ್ಟ್ ಮಾಡುವ ಕೆಲಸವೂ ಸಿಗಬಹುದು, ಊರೂರು ತಿರುಗುವ ಸೇಲ್ಸ್ ಕೆಲಸವೂ ಸಿಗಬಹುದು. ನಿಮಗೆ ಎರಡನೆಯದು ಸಿಕ್ಕರೆ ಬೇಡ ಅನ್ನಬೇಡಿ. ಸೇಲ್ಸ್‌ಮನ್ ಜೊತೆ ಬೀಟಿಗೆ, ಅಂದರೆ ಅವನ ಅಂಗಡಿಗಳ ಸುತ್ತಿಗೆ, ಹೋಗಿ. ಅವನು ಯಾವ ಅಂಗಡಿಗೆ ಮೊದಲು ಹೋಗುತ್ತಾನೆ, ಯಾವುದನ್ನು ಬಿಡುತ್ತಾನೆ, ಸ್ಕೀಮಿನ ದುಡ್ಡು ಅಂಗಡಿಯವನಿಗೆ ನಿಜವಾಗಿ ತಲುಪುತ್ತದಾ, ಅವಧಿ ಮುಗಿದ ಮಾಲನ್ನು ಡಿಸ್ಟ್ರಿಬ್ಯೂಟರ್ ವಾಪಸ್ ತಗೊಳ್ಳುತ್ತಾನಾ. ಇಷ್ಟು ದಿನ ನೀವು ಗಲ್ಲಾದ ಒಳಗೆ ಕೂತು ಸೇಲ್ಸ್‌ಮನ್‌ನನ್ನು ನೋಡಿದ್ದೀರಿ. ಈಗ ಹೊರಗಿನಿಂದ ಗಲ್ಲಾವನ್ನು ನೋಡುತ್ತೀರಿ. ಎರಡೂ ಕಡೆ ನಿಂತವರು ನಿಮ್ಮ ಕ್ಲಾಸಿನಲ್ಲಿ ಎಷ್ಟು ಜನ ಇರುತ್ತಾರೆ?

ಇಲ್ಲಿ ನಿಮ್ಮ ಕನ್ನಡವೂ ಕೆಲಸಕ್ಕೆ ಬರುತ್ತದೆ. ನನ್ನ ಒಬ್ಬ ವಿದ್ಯಾರ್ಥಿನಿ ಉತ್ತರ ಕರ್ನಾಟಕದಲ್ಲಿ ಒಂದು ಕಂಪನಿಗೆ ಸರ್ವೆ ಮಾಡಿದಳು. ಕಂಪನಿ ಕೊಟ್ಟ ಪ್ರಶ್ನೆಪಟ್ಟಿ ಇಂಗ್ಲಿಷಿನಲ್ಲಿತ್ತು. ಅವಳ ಜೊತೆಗಾರರು ಅದನ್ನೇ ಓದಿ, ಹೌದು-ಇಲ್ಲ ತುಂಬಿಸಿಕೊಂಡು ಬಂದರು. ಇವಳು ಪಟ್ಟಿ ಚೀಲದಲ್ಲಿಟ್ಟು, ಅಂಗಡಿಯ ಕಟ್ಟೆ ಮೇಲೆ ಕೂತು ರೈತರ ಜೊತೆ ಮಾತಾಡಿದಳು. ಕಂಪನಿಯ ಬೆಳೆ ಔಷಧದ ಬಾಟಲಿ ಏಕೆ ಹೋಗುತ್ತಿಲ್ಲ ಅನ್ನುವುದು ಅವಳಿಗೆ ಗೊತ್ತಾಯಿತು: ಒಂದು ಲೀಟರಿನ ಬಾಟಲಿ ಸಣ್ಣ ಹೊಲದವರಿಗೆ ದೊಡ್ಡದಾಗುತ್ತಿತ್ತು, ಮುಚ್ಚಳ ತೆಗೆದು ಅರ್ಧ ಬಳಸಿದ ಬಾಟಲಿ ಮನೆಯಲ್ಲಿ ಇಡಲು ಹೆಂಗಸರು ಹೆದರುತ್ತಿದ್ದರು. ಆ ಎರಡನೇ ಮಾತು ಯಾವ ಪ್ರಶ್ನೆಪಟ್ಟಿಯಲ್ಲೂ ಇರಲಿಲ್ಲ. ಮ್ಯಾನೇಜರಿಗೆ ಪ್ರತಿ ಶನಿವಾರ ಅರ್ಧ ಪುಟ ಬರೆದು ಕಳಿಸುತ್ತಿದ್ದಳು: ಈ ವಾರ ಏನು ನೋಡಿದೆ, ಏನು ಅನುಮಾನ ಬಂತು, ಮುಂದಿನ ವಾರ ಎಲ್ಲಿಗೆ ಹೋಗುತ್ತೇನೆ. ಕೊನೆಗೆ ಆ ಕಂಪನಿಯೇ ಅವಳಿಗೆ ಕೆಲಸ ಕೊಟ್ಟಿತು. ನೀವೂ ಆ ಅರ್ಧ ಪುಟ ಬರೆಯಿರಿ. ಕೊನೆಯ ವಾರದಲ್ಲಿ ನಲವತ್ತು ಸ್ಲೈಡ್ ಮಾಡಿ ತೋರಿಸುವುದಕ್ಕಿಂತ ಅದಕ್ಕೆ ಬೆಲೆ ಜಾಸ್ತಿ.

ಇನ್ನು ಸಾಲ. ಇದನ್ನು ನೀವು ಹೆದರಿಕೆಯಾಗಿ ಬರೆದಿದ್ದೀರಿ, ಲೆಕ್ಕವಾಗಿ ಬರೆದರೆ ಸ್ವಲ್ಪ ಹಗುರಾಗುತ್ತದೆ. 12 ಲಕ್ಷವನ್ನು ಬ್ಯಾಂಕು ಸಾಮಾನ್ಯವಾಗಿ ಒಂದೇ ಸಲ ಕೊಡುವುದಿಲ್ಲ, ಫೀ ಕಟ್ಟುವಾಗ ಕೊಡುತ್ತದೆ. ಆರು ತಿಂಗಳಿಗೊಮ್ಮೆ 3 ಲಕ್ಷ, ಬಡ್ಡಿ ನೂರಕ್ಕೆ 10 ಅಂದುಕೊಳ್ಳಿ. ಓದು ಮುಗಿಯುವ ಹೊತ್ತಿಗೆ ಸರಳ ಬಡ್ಡಿ 1.5 ಲಕ್ಷ ಆಗಿರುತ್ತದೆ. ಕೋರ್ಸ್ ಮುಗಿದ ಮೇಲೆ ಒಂದು ವರ್ಷ ಕಂತು ಕಟ್ಟದೆ ಇರಲು ಬಿಡುತ್ತಾರೆ. ಅದನ್ನೂ ಪೂರ್ತಿ ಬಳಸಿದರೆ ಇನ್ನೂ 1.2 ಲಕ್ಷ ಸೇರಿ ಸಾಲ 14.7 ಲಕ್ಷಕ್ಕೆ ಹೋಗುತ್ತದೆ. ಅದನ್ನು ಏಳು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 24,400 ರೂಪಾಯಿ ಕಂತು. ಬಡ್ಡಿಯನ್ನು ಆಗಾಗಲೇ ಕಟ್ಟಿಕೊಂಡು ಬಂದರೆ ಕಂತು ಸುಮಾರು 19,900. ತಿಂಗಳಿಗೆ ನಾಲ್ಕೂವರೆ ಸಾವಿರದ ವ್ಯತ್ಯಾಸ. ಓದುವಾಗಲೇ ಬಡ್ಡಿ ಕಟ್ಟಿದರೆ ಬಡ್ಡಿ ದರದಲ್ಲಿ ಸ್ವಲ್ಪ ಕಡಿಮೆ ಮಾಡುವ ಬ್ಯಾಂಕುಗಳೂ ಇವೆ, ಕೇಳಿ ನೋಡಿ. ಮೊದಲ ಆರು ತಿಂಗಳು ಬಡ್ಡಿ ತಿಂಗಳಿಗೆ 2,500 ಮಾತ್ರ, ಕೊನೆಯ ಆರು ತಿಂಗಳು 10,000. ನಿಮ್ಮ ಮನೆಗೆ ದುಡ್ಡು ಬರುವುದು ಸುಗ್ಗಿಯ ಉದ್ರಿ ವಸೂಲಾದಾಗ. ಆಗ ಒಂದಷ್ಟು ಒಟ್ಟಿಗೆ ಕಟ್ಟುವುದಕ್ಕೆ ಅಪ್ಪನ ಜೊತೆ ಈಗಲೇ ಮಾತಾಡಿಕೊಳ್ಳಿ.

ಈ ಕಂತಿನ ಅಂಕಿ ಪ್ಲೇಸ್‌ಮೆಂಟ್ ಹೊತ್ತಿನಲ್ಲಿ ನಿಮ್ಮನ್ನು ಕಾಪಾಡುತ್ತದೆ. ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ ಪ್ಯಾಕೇಜ್ ಅನ್ನುವ ಒಂದೇ ಮಾತು. ಸಿಟಿಸಿ ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, 9 ಲಕ್ಷದ ಸಿಟಿಸಿ ಇದ್ದರೆ ತಿಂಗಳಿಗೆ 75 ಸಾವಿರ ಕೈಗೆ ಬರುವುದಿಲ್ಲ. ಅದರಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಗುರಿ ಮುಟ್ಟಿದರೆ ಮಾತ್ರ ಸಿಗುವ ವೇರಿಯಬಲ್ ಎಲ್ಲ ಸೇರಿರುತ್ತದೆ. ಆಫರ್ ಪತ್ರ ಬಂದಾಗ ಕೈಗೆ ಬರುವ ದುಡ್ಡು ಎಷ್ಟು ಅಂತ ಬಿಡಿಸಿ ಬರೆಯಿರಿ. ಕಂತು, ಬಾಡಿಗೆ, ಊಟ ಕಳೆಯಿರಿ. ಆ ಲೆಕ್ಕ ದಾಟಿದ ಎರಡು ಕೆಲಸ ಕೈಯಲ್ಲಿದ್ದರೆ, ಒಂದು ಲಕ್ಷ ಕಡಿಮೆ ಕೊಡುವ ಕಡೆ ಕೆಲಸ ಜಾಸ್ತಿ ಕಲಿಯಲು ಸಿಗುತ್ತದೆ ಅನ್ನಿಸಿದರೆ, ಅಲ್ಲಿಗೇ ಹೋಗಿ. ಯಾವ ಕಡೆ ಕಲಿಯಲು ಸಿಗುತ್ತದೆ ಅಂತ ತಿಳಿಯಲು ಆ ಕಂಪನಿಯಲ್ಲಿ ಮೂರು ವರ್ಷ ಕಳೆದ ಹಳೆಯ ವಿದ್ಯಾರ್ಥಿಗಳನ್ನು ಕೇಳಿ. ಹೋದ ವರ್ಷವಷ್ಟೇ ಸೇರಿದವರಿಗೆ ಇನ್ನೂ ಪೂರ್ತಿ ಗೊತ್ತಿರುವುದಿಲ್ಲ.

ಹಳೆಯ ವಿದ್ಯಾರ್ಥಿಗಳಿಗೆ ಬರೆಯುವಾಗ ಕೆಲಸ ಇದೆಯಾ ಅಂತ ಕೇಳಬೇಡಿ. ನಾಲ್ಕು ಸಾಲು ಸಾಕು. ನಾನು ಯಾರು, ನಮ್ಮ ಮನೆಯಲ್ಲಿ ಏನು ವ್ಯಾಪಾರ, ನಿಮ್ಮ ಕೆಲಸದ ಯಾವ ಭಾಗ ನನಗೆ ಅರ್ಥ ಆಗಲಿಲ್ಲ, ಹದಿನೈದು ನಿಮಿಷ ಫೋನಿನಲ್ಲಿ ಮಾತಾಡಬಹುದಾ. ಬೀಜದ ಕಂಪನಿಯಲ್ಲಿ, ಗ್ರಾಮೀಣ ಸಾಲ ಕೊಡುವ ಬ್ಯಾಂಕಿನಲ್ಲಿ ಇರುವವರಿಗೆ ಅಂಗಡಿಯ ಒಳಗಿನ ವಿಷಯ ಬೇಕಾಗಿರುತ್ತದೆ. ಅವರೇ ನಿಮ್ಮನ್ನು ಪ್ರಶ್ನೆ ಕೇಳಲು ಶುರು ಮಾಡಿದರೆ ಆಶ್ಚರ್ಯ ಪಡಬೇಡಿ. ಮಾತಾಡಿದ ಮೇಲೆ ಅವರು ಹೇಳಿದ್ದರಲ್ಲಿ ಒಂದನ್ನಾದರೂ ಮಾಡಿ, ಎರಡು ತಿಂಗಳ ನಂತರ ಮಾಡಿದೆ ಅಂತ ತಿಳಿಸಿ.

ಮೊದಲ ಟರ್ಮಿನಲ್ಲಿ ನಿದ್ದೆ ಕಡಿಮೆ ಆಗುತ್ತದೆ, ಮನೆ ನೆನಪಾಗುತ್ತದೆ. ರೊಟ್ಟಿ-ಚಟ್ನಿಪುಡಿ ಕಟ್ಟಿಸಿಕೊಂಡು ಹೋಗಿ. ದಿನಾ ಅಮ್ಮನಿಗೆ ಫೋನ್ ಮಾಡಿ. ತೀರಾ ತಡೆಯಲಾಗದಿದ್ದರೆ ಕಾಲೇಜಿನ ಆಪ್ತಸಲಹೆಗಾರರ ಹತ್ತಿರ ಹೋಗಲು ಸಂಕೋಚ ಬೇಡ.

ಹೊರಡುವುದಕ್ಕೆ ಇನ್ನೂ ದಿನಗಳಿರಬೇಕು. ಅಷ್ಟರಲ್ಲಿ ಒಂದು ಕೆಲಸ ಮಾಡಿ. ಅಪ್ಪನ ಒಪ್ಪಿಗೆ ತಗೊಂಡು ಹೋದ ಮೂರು ವರ್ಷದ ಉದ್ರಿ ಖಾತೆಯನ್ನು, ಖರೀದಿ ಬಿಲ್ಲುಗಳನ್ನು, ಸಿಸಿ ಖಾತೆಯ ಸ್ಟೇಟ್‌ಮೆಂಟನ್ನು ಒಂದು ಎಕ್ಸೆಲ್ ಶೀಟಿಗೆ ಇಳಿಸಿ. ರೈತರ ಹೆಸರಿನ ಬದಲು 1, 2, 3 ಅಂತ ಸಂಖ್ಯೆ ಹಾಕಿ, ಅದು ಅವರ ಮನೆಯ ಗುಟ್ಟು. ತಾರೀಖು, ಮಾಲು, ಮೊತ್ತ, ದುಡ್ಡು ಬಂದ ತಾರೀಖು ಇಷ್ಟು ಕಾಲಂ ಸಾಕು. ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ ಅಪ್ಪನ ಪಕ್ಕ ಕೂತು, ತಡವಾಗಿ ಕೊಟ್ಟ ಹತ್ತು ಖಾತೆಗಳನ್ನು ತೋರಿಸಿ, ಇವರಿಗೆ ಮತ್ತೆ ಏಕೆ ಕೊಟ್ಟಿರಿ ಅಂತ ಒಂದೊಂದೇ ಕೇಳಿ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಪಕ್ಕದ ಕಾಲಂನಲ್ಲಿ ಬರೆಯಿರಿ.